ಸ್ವಿಚ್ಚು ಯಾರ ಕೈಲಿದೆ?

1

ಕರ್ನಾಟಕದ ವಿದ್ಯುತ್ ಚರಿತ್ರೆ ಅಂದಕೂಡಲೆ ಎರಡು ತಾರೀಖುಗಳನ್ನು ನಮಗೆ ಬಾಯಿಪಾಠ ಮಾಡಿಸಿದ್ದಾರೆ. 1902ರ ಜೂನ್ 30, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿದ ದಿನ. 1905ರ ಆಗಸ್ಟ್ 5, ಬೆಂಗಳೂರಿನ ಬೀದಿಯಲ್ಲಿ ವಿದ್ಯುತ್ ದೀಪ ಹತ್ತಿದ ದಿನ. ಪರೀಕ್ಷೆಗೆ ಓದುವವರೆಲ್ಲ ಇವೆರಡನ್ನೂ ಬಲ್ಲರು. ನಾವೂ ಬರೆದು ಅಂಕ ತಗೊಂಡಿದ್ದೇವೆ. ಆದರೆ ನಮ್ಮ ಕೇರಿಗೆ ಕರೆಂಟು ಬಂದ ತಾರೀಖು ಯಾವುದು ಅಂತ ಅವ್ವನನ್ನು ಕೇಳಿದರೆ, 'ನಿಮ್ಮಣ್ಣ ಹೊಟ್ಟೇಲಿದ್ದ ವರ್ಸ ಕನಪ್ಪ, ಆ ಸಲ ರಾಗಿ ಒಣಗೋಗಿತ್ತು' ಅನ್ನುತ್ತಾಳೆ. ಊರಿಗೆ ಯಾವಾಗ ಬಂತವ್ವ ಅಂದರೆ, 'ಅದಾ? ನಾನು ಮದುವೆಯಾಗಿ ಇಲ್ಲಿಗೆ ಬರೋ ಹೊತ್ಗೇ ಊರೊಳಗೆ ದೀಪ ಉರೀತಿತ್ತು' ಅನ್ನುತ್ತಾಳೆ. ಊರಿಗೂ ಕೇರಿಗೂ ನಡುವೆ ಇರುವುದು ಒಂದು ಓಣಿ, ಒಂದು ಬೇಲಿ, ಆರೇಳು ಕಂಬ. ಆ ಆರೇಳು ಕಂಬ ನೆಡೋದಕ್ಕೆ ಎಷ್ಟು ವರ್ಷ ಹಿಡಿಯಿತು ಅನ್ನುವುದನ್ನು ಯಾವ ಪುಸ್ತಕವೂ ಬರೆದಿಲ್ಲ.

ಈಗ ಕಂಬಗಳ ಮೇಲೆ ಹೊಸ ಯಂತ್ರಗಳು ಕೂರುತ್ತಿವೆ. ಲೈನಿನಲ್ಲಿ ದೋಷ ಎಲ್ಲಾಗಿದೆ ಅಂತ ತಾವೇ ಕಂಡುಹಿಡಿದು, ಕೆಟ್ಟ ತುಂಡನ್ನು ತಾವೇ ಬೇರ್ಪಡಿಸಿ, ಉಳಿದವರಿಗೆ ಬೇರೆ ಕಡೆಯಿಂದ ಕರೆಂಟು ಕೊಡುವ ಯಂತ್ರಗಳು. ವಿದ್ಯುತ್ ವಿತರಣಾ ಜಾಲದ ಸ್ವಯಂಚಾಲನೆ ಅಂತ ಇದಕ್ಕೆ ಹೆಸರು. ತಾನೇ ನಡೆಯುವುದು ಅಂತ ಅರ್ಥ. ಈ ದೇಶದಲ್ಲಿ ಯಾವುದು ತಾನೇ ತಾನಾಗಿ ನಡೆದಿದೆ? ನೀರು ತಾನಾಗಿ ಕೇರಿಗೆ ಬರಲಿಲ್ಲ, ಅಕ್ಷರ ತಾನಾಗಿ ಬರಲಿಲ್ಲ. ಹಾಗಿರುವಾಗ ಈ 'ತಾನೇ ನಡೆಯುವ' ಯಂತ್ರದ ಹಿಂದೆ ಯಾರ ಕೈ ಇದೆ, ಅದು ಯಾರನ್ನು ಮೊದಲು ನೋಡುತ್ತದೆ, ಯಾರನ್ನು ನೋಡುವುದೇ ಇಲ್ಲ ಅನ್ನುವುದನ್ನು ಚರಿತ್ರೆಯ ದಾರಿಯಲ್ಲೇ ಹುಡುಕಬೇಕಾಗಿದೆ.

2

ಶಿವನಸಮುದ್ರದಿಂದಲೇ ಶುರು ಮಾಡೋಣ. ದಿವಾನ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜನೆ ರೂಪುಗೊಂಡಿತು. ರಾಯಲ್ ಎಂಜಿನಿಯರ್ಸ್ ಪಡೆಯ ಜೋಲಿ ದ ಲಾಟ್ಬಿನಿಯರ್ ಎಂಬ ಅಧಿಕಾರಿ ಅದರ ಉಸ್ತುವಾರಿ ಹೊತ್ತರು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯಂತ್ರ ಬಂತು, ಸ್ವಿಟ್ಜರ್ಲೆಂಡಿನ ಟರ್ಬೈನು ಬಂತು. ಕಾವೇರಿಯ ಧುಮುಕಿನಲ್ಲಿ ಹುಟ್ಟಿದ ಕರೆಂಟು ಮಾತ್ರ ಅಲ್ಲಿ ನಿಲ್ಲಲಿಲ್ಲ. ನೇರ 147 ಕಿಲೋಮೀಟರ್, ಅಂದರೆ 92 ಮೈಲಿ ದೂರದ ಗಣಿಗೆ ಓಡಿತು. ಆ ಕಾಲಕ್ಕೆ ಲೋಕದ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೊಂದು.

ಗಣಿ ನಡೆಸುತ್ತಿದ್ದವರು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ಗಣಿಯ ಒಳಗೆ ಇಳಿಯುತ್ತಿದ್ದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟಿನ ಕಡೆಯಿಂದ ಬಂದ ನಮ್ಮವರೇ, ಅಂದಿನ ಕಾಗದಗಳಲ್ಲಿ ಆದಿದ್ರಾವಿಡರು ಅಂತ ಬರೆಸಿಕೊಂಡವರು. ಕರೆಂಟು ಹೋದದ್ದು ಅದಿರು ಕುಟ್ಟುವ ಗಿರಣಿಗೆ, ಗಾಳಿ ಒತ್ತುವ ಯಂತ್ರಕ್ಕೆ, ಆಳ ಬಾವಿಯಿಂದ ತೊಟ್ಟಿಲು ಎತ್ತುವ ಚಕ್ರಕ್ಕೆ. ಆ ಬಾವಿಗಳು ಮುಂದೆ ಮೂರು ಸಾವಿರ ಮೀಟರಿಗೂ ಕೆಳಗೆ ಹೋದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿನ್ನ ಎಲ್ಲಿ ಹೋಯಿತು ಅಂತ ಲೆಕ್ಕ ಇದೆ. ದುಡಿದವರ ಮಕ್ಕಳು ಈಗಲೂ ಬೆಳಗಿನ ಜಾವ ಕತ್ತಲಲ್ಲೇ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ.

ಇಲ್ಲಿ ನಾವು ಗಮನಿಸಬೇಕಾದ ಒಂದು ಸರಳ ವಿಷಯವಿದೆ. ತಂತಿ ನಮ್ಮ ತಲೆಯ ಮೇಲೆ ಹಾದ ಮಾತ್ರಕ್ಕೆ ನಮಗೆ ಬೆಳಕಾಗುವುದಿಲ್ಲ. ಎತ್ತರದ ವೋಲ್ಟೇಜನ್ನು ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಅಲ್ಲಿಂದ ಮನೆಮನೆಗೆ ಸಣ್ಣ ಲೈನು ಎಳೆಯಬೇಕು. ಇದೇ ವಿತರಣೆ. ಕರೆಂಟನ್ನು ಎಲ್ಲಿ ಇಳಿಸಬೇಕು ಅನ್ನುವುದನ್ನು ಭೌತಶಾಸ್ತ್ರ ಹೇಳೋದಿಲ್ಲ, ಮನುಷ್ಯರು ತೀರ್ಮಾನ ಮಾಡುತ್ತಾರೆ. ಶಿವನಸಮುದ್ರದ ತಂತಿಯ ಕೆಳಗೆ ರಾಗಿ ಬೆಳೆಯುತ್ತಿದ್ದ ಹಳ್ಳಿಗಳಿಗೆ ದೀಪ ಬಂದದ್ದು ದಶಕಗಳು ಕಳೆದ ಮೇಲೆ. ಆ ಹಳ್ಳಿಗಳ ಕೇರಿಗಳಿಗೆ ಬಂದದ್ದು ಅದಕ್ಕೂ ಎಷ್ಟೋ ವರ್ಷ ಆದ ಮೇಲೆ. ಗಣಿ ಕಂಪನಿಗೆ ಕೊಡುವ ಶಕ್ತಿ ಇತ್ತು, ಅದಕ್ಕೆ ಕಾಡು ಮೇಡು ದಾಟಿ ತಂತಿ ಹೋಯಿತು.

3

ಇನ್ನೊಂದು ಚರಿತ್ರೆ ಇದೆ. ಅದನ್ನು ನಮ್ಮ ಗೆಳೆಯರಲ್ಲೂ ಬಹಳ ಮಂದಿ ಮರೆತಿದ್ದಾರೆ. ಬಾಬಾಸಾಹೇಬರು ಅಂದರೆ ಸಂವಿಧಾನ, ಮೀಸಲಾತಿ, ಮಹಾಡಿನ ಕೆರೆ. ಅಷ್ಟೇ ಅಂದುಕೊಂಡಿದ್ದೇವೆ. 1942ರಿಂದ 1946ರವರೆಗೆ ಅವರು ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ನೀರಾವರಿಯೂ ವಿದ್ಯುತ್ತೂ ಅವರ ಖಾತೆಯಲ್ಲೇ ಇದ್ದವು. 1943ರ ಅಕ್ಟೋಬರಿನಲ್ಲಿ ವಿದ್ಯುತ್ ನೀತಿ ಸಮಿತಿಯ ಮುಂದೆ ಅವರು ಇಟ್ಟ ಪ್ರಶ್ನೆಗಳು ನೇರವಾಗಿದ್ದವು. ವಿದ್ಯುತ್ತು ಖಾಸಗಿಯವರ ಕೈಲಿರಬೇಕೋ ಸರ್ಕಾರದ ಕೈಲಿರಬೇಕೋ? ಅದನ್ನು ಅಗ್ಗವಾಗಿ, ಯಥೇಚ್ಛವಾಗಿ ಜನಕ್ಕೆ ಮುಟ್ಟಿಸುವ ದಾರಿ ಯಾವುದು? ಬಡತನದ ಸುಳಿಯಿಂದ ಈ ದೇಶ ಹೊರಬರಬೇಕಾದರೆ ಕೈಗಾರಿಕೆ ಬೇಕು, ಅದಕ್ಕೆ ಅಗ್ಗದ ವಿದ್ಯುತ್ತೇ ಬುನಾದಿ ಎಂಬುದು ಅವರ ವಾದ. 1944ರಲ್ಲಿ ಕೇಂದ್ರ ತಾಂತ್ರಿಕ ವಿದ್ಯುತ್ ಮಂಡಳಿ ಬಂತು. ಆ ಹಾದಿಯಲ್ಲೇ 1948ರ ವಿದ್ಯುಚ್ಛಕ್ತಿ ಸರಬರಾಜು ಕಾಯಿದೆ ಬಂತು. ಅದರ ಅಡಿಯಲ್ಲಿ ರಾಜ್ಯಗಳ ವಿದ್ಯುತ್ ಮಂಡಳಿಗಳು ಹುಟ್ಟಿದವು.

ಯಂತ್ರದ ಬಗ್ಗೆ ಅವರ ನಿಲುವು ಏನು ಅನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು. ಗಾಂಧೀವಾದವನ್ನು ಟೀಕಿಸಿ 1945ರಲ್ಲಿ ಬರೆದ ಪುಸ್ತಕದಲ್ಲಿ ಅವರು ಯಂತ್ರದ ಪರ ನಿಂತರು. ಯಂತ್ರದಿಂದ ಕೇಡು ಆಗಿದ್ದರೆ ತಪ್ಪು ಯಂತ್ರದ್ದಲ್ಲ, ಅದರ ಫಲವನ್ನು ಕೆಲವರ ಸ್ವತ್ತು ಮಾಡಿದ ಸಮಾಜದ ಏರ್ಪಾಡಿನದು ಅಂದರು. ಎತ್ತಿನಂತೆ ದುಡಿಯುವ ಮನುಷ್ಯನಿಗೆ ಬಿಡುವು ಸಿಗಬೇಕಾದರೆ ಯಂತ್ರ ಬೇಕು, ಬಿಡುವಿದ್ದರೆ ಮಾತ್ರ ಓದು, ವಿಚಾರ, ಸಂಸ್ಕೃತಿ ಅಂದರು. ಬೀಸುಕಲ್ಲಿನ ಮುಂದೆ ರಾತ್ರಿ ಕಳೆದ ಅಜ್ಜಿಯರ ಮೊಮ್ಮಕ್ಕಳಾದ ನಮಗೆ ಈ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಈ ಲೇಖನವನ್ನು ಯಾರೂ ಯಂತ್ರ ವಿರೋಧ ಅಂತ ಓದಬಾರದು.

4

1957ರಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಆಯಿತು. ಅದೇ ಮುಂದೆ ಕೆಇಬಿ. 1999ರಲ್ಲಿ ಮಂಡಳಿ ಹೋಗಿ ನಿಗಮ ಬಂತು, 2002ರಲ್ಲಿ ವಿತರಣೆಯನ್ನು ಬೇರೆ ಬೇರೆ ಕಂಪನಿಗಳಿಗೆ ಹಂಚಿದರು. ಹೆಸರು ಎಷ್ಟು ಬದಲಾದರೂ ನಮ್ಮ ಜನ ಇವತ್ತಿಗೂ 'ಕೆಇಬಿಯವನು ಬಂದ' ಅಂತಲೇ ಅನ್ನುತ್ತಾರೆ. ಯಾಕಂದ್ರೆ ಜನ ಕಂಡದ್ದು ಕಂಪನಿಯನ್ನಲ್ಲ, ಕಂಬ ಹತ್ತುವ ಮನುಷ್ಯನನ್ನು.

ಆ ಮನುಷ್ಯನ ಕೆಲಸ ಏನು ಅಂತ ಹೇಳದೆ ಸ್ವಯಂಚಾಲನೆಯ ಕಥೆ ಅರ್ಥವಾಗುವುದಿಲ್ಲ. ಸಬ್‌ಸ್ಟೇಷನ್ನಿನಿಂದ 11 ಕೆ.ವಿ. ಫೀಡರ್ ಹೊರಡುತ್ತದೆ. ಹತ್ತಾರು ಹಳ್ಳಿ ಸುತ್ತುತ್ತದೆ. ದಾರಿಯುದ್ದಕ್ಕೂ ಟಿ.ಸಿ.ಗಳು, ಅಂದರೆ ಟ್ರಾನ್ಸ್‌ಫಾರ್ಮರ್‌ಗಳು. ಮಳೆಗಾಲದ ರಾತ್ರಿ ಎಲ್ಲೋ ಒಂದು ಕೊಂಬೆ ಬಿತ್ತು ಅನ್ನಿ. ಸಬ್‌ಸ್ಟೇಷನ್ನಿನಲ್ಲಿ ಬ್ರೇಕರ್ ಬೀಳುತ್ತದೆ, ಹತ್ತೂ ಹಳ್ಳಿ ಕತ್ತಲು. ಕೊಂಬೆ ಬಿದ್ದದ್ದು ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ಆಗ ಲೈನ್‌ಮನ್ ಟಾರ್ಚು ಹಿಡಿದು ಹೊರಡುತ್ತಾನೆ. ನಡುವೆ ಕಂಬದ ಮೇಲೆ ಜಿ.ಒ.ಎಸ್. ಅಂತ ಒಂದು ಸ್ವಿಚ್ಚು, ಅದರ ಹಿಡಿ ಕೆಳಗೆ ಇರುತ್ತದೆ. ಅದನ್ನು ಎಳೆದು ಲೈನನ್ನು ಎರಡು ಹೋಳು ಮಾಡುತ್ತಾನೆ. ಸ್ಟೇಷನ್ನಿಗೆ ಫೋನು ಮಾಡಿ 'ಚಾರ್ಜ್ ಮಾಡಿ ಸಾರ್' ಅನ್ನುತ್ತಾನೆ. ನಿಂತರೆ ದೋಷ ಆಚೆ ಹೋಳಲ್ಲಿ, ಬಿದ್ದರೆ ಈಚೆ ಹೋಳಲ್ಲಿ. ಹೀಗೆ ಅರ್ಧಕ್ಕೆ ಅರ್ಧ ಮಾಡುತ್ತಾ, ಕೆಸರು ಗದ್ದೆಯ ಬದುವಿನ ಮೇಲೆ ಹಾವು ಚೇಳು ತುಳಿಯುತ್ತಾ, ಬೆಳಗಾಗುವ ಹೊತ್ತಿಗೆ ಆ ಕೊಂಬೆಯ ಬುಡಕ್ಕೆ ಬಂದು ನಿಲ್ಲುತ್ತಾನೆ.

ಕಂಬ ಹತ್ತುವ ಮುಂಚೆ ಎಲ್.ಸಿ. ತಗೋಬೇಕು. ಲೈನ್ ಕ್ಲಿಯರ್ ಅಂತ. ಇಂಥ ಫೀಡರ್ ಆಫ್ ಮಾಡಿದ್ದೇವೆ, ಇಂಥವನು ಕೆಲಸ ಮಾಡುತ್ತಿದ್ದಾನೆ, ಅವನು ಇಳಿದು ವಾಪಸ್ ಹೇಳುವ ತನಕ ಯಾರೂ ಚಾರ್ಜ್ ಮಾಡಬಾರದು ಅಂತ ಪುಸ್ತಕದಲ್ಲಿ ಬರೆಯುತ್ತಾರೆ. ತಂತಿಗೆ ಅರ್ಥ್ ರಾಡ್ ಹಾಕಿ ನೆಲಕ್ಕೆ ಸೇರಿಸುತ್ತಾರೆ. ಒಂದು ಜೀವ ನಿಂತಿರುವುದು ಪುಸ್ತಕದ ಆ ಒಂದು ಸಾಲಿನ ಮೇಲೆ. ನಮ್ಮ ಕೇರಿಯ ಒಬ್ಬ ಅಣ್ಣ ಗುತ್ತಿಗೆಯಲ್ಲಿ ಆ ಕೆಲಸಕ್ಕೆ ಹೋಗುತ್ತಿದ್ದ. ಅವನಿಗೆ ಗ್ಲೌಸು ಕೊಟ್ಟಿರಲಿಲ್ಲ, ಪುಸ್ತಕದಲ್ಲಿ ಅವನ ಹೆಸರೂ ಇರಲಿಲ್ಲ. ಒಂದು ಫೀಡರ್ ಆಫ್ ಮಾಡಿ ಇನ್ನೊಂದರ ಕಂಬ ಹತ್ತಿಸಿದರು. ಬಲಗೈ ಮೊಣಕೈ ತನಕ ಹೋಯಿತು. ಆಸ್ಪತ್ರೆಯಿಂದ ಬಂದ ಮೇಲೆ ಅವನು ಅಂದ ಮಾತು: 'ನಾನು ಕಂಬದ ಮೇಲಿದ್ದೀನಿ ಅಂತ ಆ ಸ್ವಿಚ್ಚಿಗೆ ಗೊತ್ತಿರ್ಲಿಲ್ಲ ಕಣೋ.'

ಸ್ವಯಂಚಾಲನೆಯ ಇಡೀ ತತ್ವ ಈ ಒಂದು ಮಾತಿನಲ್ಲಿದೆ ಅಂತ ನಮಗೆ ಆಮೇಲೆ ತಿಳಿಯಿತು. ಸ್ವಿಚ್ಚಿಗೆ ಗೊತ್ತಾಗುವಂತೆ ಮಾಡುವುದು. ಪ್ರಶ್ನೆ ಇಷ್ಟೇ: ಯಾವುದು ಗೊತ್ತಾಗಬೇಕು, ಯಾರು ಗೊತ್ತಾಗಬೇಕು?

5

ಯಂತ್ರಕ್ಕೆ ಮುಂಚೆ ಕಾಗದ. ಸರ್ಕಾರದ ಕಾಗದಕ್ಕೆ ನಮ್ಮ ಕೇರಿ ಗೊತ್ತಾದದ್ದು ಯಾವಾಗ?

1997ರವರೆಗೂ ನಮ್ಮ ದೇಶದಲ್ಲಿ 'ವಿದ್ಯುದೀಕರಣಗೊಂಡ ಹಳ್ಳಿ' ಅನ್ನುವುದಕ್ಕೆ ಇದ್ದ ಅರ್ಥ ಕೇಳಿದರೆ ನಗು ಬರುತ್ತದೆ. ಹಳ್ಳಿಯ ಕಂದಾಯ ಎಲ್ಲೆಯೊಳಗೆ ಎಲ್ಲಾದರೂ, ಯಾವ ಕಾರಣಕ್ಕಾದರೂ ಕರೆಂಟು ಬಳಸಿದರೆ ಸಾಕು, ಹಳ್ಳಿ ಪೂರ್ತಿ ಬೆಳಗಿತು ಅಂತ ಲೆಕ್ಕ. ಗೌಡರ ತೋಟದಲ್ಲಿ ಒಂದು ಪಂಪ್‌ಸೆಟ್ಟು ತಿರುಗಿದರೆ ಊರೂ ಬೆಳಗಿತು, ಕೇರಿಯೂ ಬೆಳಗಿತು. 1997ರಲ್ಲಿ ಇದನ್ನು ತಿದ್ದಿ, ಜನವಸತಿ ಇರುವ ಜಾಗದಲ್ಲಿ ಬಳಸಬೇಕು ಅಂದರು. ಆಗಲೂ ವಸತಿ ಅಂದರೆ ಊರೇ. 2004ರಲ್ಲಿ ಮತ್ತೆ ತಿದ್ದಿದರು. ಜನವಸತಿಯಲ್ಲಿ ಟ್ರಾನ್ಸ್‌ಫಾರ್ಮರೂ ಲೈನೂ ಇರಬೇಕು. ದಲಿತ ಬಸ್ತಿ ಇದ್ದಲ್ಲಿ ಅಲ್ಲಿಯೂ ಇರಬೇಕು. ಶಾಲೆ, ಪಂಚಾಯ್ತಿ ಕಚೇರಿ, ಆಸ್ಪತ್ರೆಯಂಥ ಕಡೆ ಕರೆಂಟಿರಬೇಕು. ಒಟ್ಟು ಮನೆಗಳಲ್ಲಿ ಶೇಕಡಾ 10ರಷ್ಟಕ್ಕಾದರೂ ಸಿಕ್ಕಿರಬೇಕು.

'ದಲಿತ ಬಸ್ತಿ' ಎಂಬ ಎರಡು ಪದ ಆ ವ್ಯಾಖ್ಯೆಯೊಳಗೆ ಬರಬೇಕಾದರೆ ಸ್ವಾತಂತ್ರ್ಯ ಬಂದು 57 ವರ್ಷ ಆಗಿತ್ತು. ಎಂಜಿನಿಯರುಗಳ ವ್ಯಾಖ್ಯೆಯಲ್ಲಿ ಜಾತಿಯ ಮಾತು ಯಾಕೆ ಅಂತ ಕೆಲವರು ಮೂಗು ಮುರಿಯಬಹುದು. ಜಾತಿ ಅದಕ್ಕೂ ಮುಂಚೆಯೇ ಕಂಬದ ಸಾಲಿನಲ್ಲಿತ್ತು. ಸಾಲು ಎಲ್ಲಿ ನಿಲ್ಲುತ್ತದೆ ಅಂತ ನೋಡಿದವರಿಗೆ ಅದು ಕಾಣುತ್ತಿತ್ತು. 2004ರಲ್ಲಿ ಕಾಗದ ಅದನ್ನು ಒಪ್ಪಿಕೊಂಡಿತು, ಅಷ್ಟೇ.

ಅದಕ್ಕೂ ಮುಂಚೆ ಭಾಗ್ಯಜ್ಯೋತಿ ಬಂದಿತ್ತು, 1988-89ರಲ್ಲಿ ಕೇಂದ್ರದ ಕುಟೀರಜ್ಯೋತಿ ಬಂತು. ಮನೆಗೊಂದು ದೀಪ. ಆ ಒಂದು ದೀಪವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅದರ ಕೆಳಗೆ ಓದಿದವರೇ ನಮ್ಮ ಅಣ್ಣಂದಿರು, ಅಕ್ಕಂದಿರು. ಬುಡ್ಡಿಯ ಹೊಗೆಯಿಂದ ಕಣ್ಣು ಉಳಿಸಿತು. ಆದರೆ ಅದೇ ಲೈನಿನ ಇನ್ನೊಂದು ತುದಿಯಲ್ಲಿ 10 ಅಶ್ವಶಕ್ತಿಯ ಮೋಟಾರು ತಿರುಗುತ್ತಿತ್ತು, ಇಲ್ಲಿ ಗೂಡಿನಲ್ಲಿ ಒಂದು ಬಲ್ಬು ಮಿಣುಕುತ್ತಿತ್ತು. ಭೂಮಿ ಇದ್ದವನಿಗೆ ವಿದ್ಯುತ್ತು ದುಡಿಮೆಯ ಸಾಧನವಾಯಿತು. ಇಲ್ಲದವನಿಗೆ ದೀಪ ಮಾತ್ರ ಆಯಿತು. ಈ ಅಂತರವನ್ನು ಯಾವ ಸ್ವಿಚ್ಚೂ ತೆಗೆಯಲಾರದು, ಭೂಮಿಯ ಪ್ರಶ್ನೆಯೇ ಬೇರೆ.

6

ಇನ್ನು ಯಂತ್ರಕ್ಕೆ ಬರೋಣ. ತಾನೇ ಬಿದ್ದು ತಾನೇ ಏಳುವ ಬ್ರೇಕರ್‌ಗಳು ಹೊಸವಲ್ಲ. ಅಮೆರಿಕದ ಹಳ್ಳಿಗಾಡಿನ ಲೈನುಗಳಲ್ಲಿ 1940ರ ದಶಕದಲ್ಲೇ ರಿಕ್ಲೋಸರ್ ಅಂತ ಬಂದಿತ್ತು. ಬಯಲಿನ ಲೈನಿನಲ್ಲಿ ಆಗುವ ದೋಷಗಳಲ್ಲಿ ಹೆಚ್ಚಿನವು ಕ್ಷಣಿಕ. ಗಾಳಿಗೆ ಕೊಂಬೆ ತಾಗಿತು, ಹಕ್ಕಿ ಸಿಕ್ಕಿತು, ಸಿಡಿಲು ಬಡಿಯಿತು. ಬ್ರೇಕರ್ ಒಂದು ಸಲ ಬಿದ್ದು, ಕ್ಷಣ ಬಿಟ್ಟು ಎದ್ದರೆ ಸರಿಹೋಗಿರುತ್ತದೆ. ಎರಡು ಮೂರು ಸಲ ನೋಡಿ, ಇನ್ನೂ ದೋಷ ಇದ್ದರೆ ಸುಮ್ಮನೆ ಮಲಗಿಬಿಡುತ್ತದೆ. ಮನುಷ್ಯ ಹೋಗಿಯೇ ಎಬ್ಬಿಸಬೇಕು.

ಇದರ ಮುಂದಿನ ಹೆಜ್ಜೆ ದೂರದಿಂದ ನೋಡುವುದು, ದೂರದಿಂದ ಆಡಿಸುವುದು. ಸ್ಕಾಡಾ ಅನ್ನುತ್ತಾರೆ. ನಮ್ಮ ರಾಜ್ಯದ ಸಬ್‌ಸ್ಟೇಷನ್ನುಗಳಿಗೆ ಇದು 2000ರ ನಂತರದ ವರ್ಷಗಳಲ್ಲಿ ಬಂತು. ಬೆಂಗಳೂರಿನ ವಿತರಣಾ ಜಾಲಕ್ಕೆ ಸ್ವಯಂಚಾಲನೆ ಹಾಕಲು 2007ರಲ್ಲಿ ಜಪಾನಿನ ಸಾಲದ ಒಪ್ಪಂದವಾಯಿತು. ಅದು ಕೆಲಸ ಮಾಡುವ ಬಗೆ ಹೀಗಿದೆ: ನಗರದ ರಸ್ತೆ ಬದಿಯಲ್ಲಿ ಬೀರುವಿನ ಹಾಗೆ ಪೆಟ್ಟಿಗೆಗಳನ್ನು ನೀವು ನೋಡಿರಬಹುದು. ರಿಂಗ್ ಮೈನ್ ಯೂನಿಟ್ಟು. ಒಂದು ಬದಿಯಿಂದ ಕೇಬಲ್ಲು ಬರುತ್ತದೆ, ಇನ್ನೊಂದು ಬದಿಯಿಂದ ಹೋಗುತ್ತದೆ, ನಡುವೆ ಟ್ರಾನ್ಸ್‌ಫಾರ್ಮರಿಗೆ ಒಂದು ಕವಲು. ಹೀಗೆ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಸಾಗಿ ಕೇಬಲ್ಲು ಬಳೆಯ ಹಾಗೆ ಸುತ್ತುತ್ತದೆ. ಬಳೆಯ ಎರಡು ತುದಿಯೂ ಎರಡು ಕಡೆಯ ಸರಬರಾಜಿಗೆ ಸೇರಿದ್ದು, ನಡುವೆ ಒಂದು ಕಡೆ ಬಾಯಿ ಬಿಟ್ಟಿರುತ್ತದೆ. ಪ್ರತಿ ಪೆಟ್ಟಿಗೆಯಲ್ಲೂ ದೋಷದ ಕರೆಂಟು ತನ್ನ ಮೂಲಕ ಹಾದುಹೋಯಿತೋ ಇಲ್ಲವೋ ಎಂದು ಹೇಳುವ ಸೂಚಕವೊಂದು, ಅದನ್ನು ನಿಯಂತ್ರಣ ಕೊಠಡಿಗೆ ಮುಟ್ಟಿಸುವ ಯಂತ್ರವೊಂದು. ಮೂರನೇ ಪೆಟ್ಟಿಗೆ 'ಹಾದುಹೋಯಿತು' ಅಂದು, ನಾಲ್ಕನೇದು 'ಇಲ್ಲ' ಅಂದರೆ, ದೋಷ ಆ ಎರಡರ ನಡುವೆ. ಕೊಠಡಿಯಲ್ಲಿ ಕೂತವನು ಆ ತುಂಡಿನ ಎರಡು ಬದಿಯನ್ನೂ ತೆಗೆದು, ಬಾಯಿ ಬಿಟ್ಟಿದ್ದ ಕಡೆ ಮುಚ್ಚುತ್ತಾನೆ. ಉಳಿದವರಿಗೆಲ್ಲ ಹಿಂದುಗಡೆಯಿಂದ ಕರೆಂಟು ಬಂತು. ಲೈನ್‌ಮನ್ ರಾತ್ರಿಯಿಡೀ ಮಾಡುತ್ತಿದ್ದ ಹುಡುಕಾಟ ನಿಮಿಷಗಳಲ್ಲಿ ಮುಗಿಯಿತು.

ಇದನ್ನು ನೋಡಿ ನಮಗೆ ಸಂತೋಷವೇ ಆಯಿತು. ಕತ್ತಲಲ್ಲಿ ಅಲೆಯುವ ಕಾಲುಗಳಿಗೆ ಬಿಡುವು. ಆ ಪೆಟ್ಟಿಗೆಯಲ್ಲಿ ಇನ್ನೂ ಒಂದು ಒಳ್ಳೆಯ ಗುಣವಿದೆ. 'ಲೋಕಲ್' ಅಂತ ಒಂದು ಕಡೆ, 'ರಿಮೋಟ್' ಅಂತ ಇನ್ನೊಂದು ಕಡೆ ತಿರುಗಿಸುವ ಕೀಲಿ. ಕೆಲಸಗಾರ ಅದನ್ನು 'ಲೋಕಲ್' ಮಾಡಿ ಬೀಗ ಜಡಿದರೆ ಕೊಠಡಿಯಲ್ಲಿ ಕೂತ ದೊಡ್ಡ ಸಾಹೇಬನೂ ಅದನ್ನು ಆಡಿಸಲಾರ. ನಮ್ಮ ಅಣ್ಣನ ಕಂಬಕ್ಕೆ ಇಂಥ ಒಂದು ಬೀಗ ಇದ್ದು, ಅದರ ಕೀಲಿ ಅವನ ಜೇಬಿನಲ್ಲಿದ್ದಿದ್ದರೆ!

7

ಆದರೆ ಈ ಬಳೆ ಯಾರ ಕೈಗೆ? 2008ರಲ್ಲಿ ಕೇಂದ್ರ ಸರ್ಕಾರ ವಿತರಣಾ ಸುಧಾರಣೆಯ ದೊಡ್ಡ ಕಾರ್ಯಕ್ರಮವೊಂದನ್ನು ಹೊಸದಾಗಿ ರೂಪಿಸಿತು. ಸಾಮಾನ್ಯ ರಾಜ್ಯಗಳಲ್ಲಿ 30,000ಕ್ಕಿಂತ ಹೆಚ್ಚು ಜನರಿರುವ ಪಟ್ಟಣಗಳಿಗೆ ಅದು ಅನ್ವಯ. ಸ್ಕಾಡಾ ಬೇಕಾದರೆ ಜನಸಂಖ್ಯೆ 4 ಲಕ್ಷ ದಾಟಿರಬೇಕು, ವರ್ಷಕ್ಕೆ 350 ಮಿಲಿಯನ್ ಯೂನಿಟ್ ವಿದ್ಯುತ್ತು ಆ ಪಟ್ಟಣದೊಳಕ್ಕೆ ಹೋಗುತ್ತಿರಬೇಕು. ಹೆಚ್ಚು ಬಳಸುವವನಿಗೆ ಹೆಚ್ಚು ಜಾಣ ಜಾಲ. ಲೆಕ್ಕದ ಭಾಷೆಯಲ್ಲಿ ಇದರಲ್ಲಿ ತಪ್ಪಿಲ್ಲ. ಹಾಕಿದ ದುಡ್ಡು ಬೇಗ ವಾಪಸ್ ಬರುವ ಕಡೆ ಹಾಕುತ್ತಾರೆ. ಶಿವನಸಮುದ್ರದ ತಂತಿ ಕೋಲಾರಕ್ಕೆ ಹೋದಾಗಲೂ ಇದೇ ಲೆಕ್ಕ ಇತ್ತು.

ಇನ್ನೊಂದು ಕಾರಣವಿದೆ, ಅದು ಜಾಲದ ಆಕಾರದ್ದು. ಹಳ್ಳಿಯ ಲೈನು ಬಳೆಯಲ್ಲ, ಮರ. ಒಂದೇ ಕಾಂಡ, ಕವಲು, ಕವಲಿಗೆ ಕವಲು. ಕಾಂಡ ಕಡಿದರೆ ಕೊಂಬೆಗೆ ಹಿಂದುಗಡೆಯಿಂದ ನೀರು ಕೊಡೋರು ಯಾರು? ಎರಡನೇ ದಾರಿಯೇ ಇಲ್ಲದ ಕಡೆ ಜಾಣ ಸ್ವಿಚ್ಚು ಏನನ್ನು ತಿರುಗಿಸುತ್ತದೆ? ಆ ಮರದ ಕಟ್ಟಕಡೆಯ ರೆಂಬೆ ಯಾವುದು ಅಂತ ಯಾವ ಹಳ್ಳಿಗೆ ಹೋಗಿ ಬೇಕಾದರೂ ನೋಡಿ. ಟಿ.ಸಿ. ಊರ ಮುಂದೆ ಇರುತ್ತದೆ. ಅಲ್ಲಿಂದ ಲೈನು ಊರೆಲ್ಲ ಸುತ್ತಿ ಕೊನೆಗೆ ಕೇರಿಗೆ ಬರುತ್ತದೆ. ಉದ್ದ ಹೆಚ್ಚಿದಷ್ಟೂ ತಂತಿಯಲ್ಲೇ ವೋಲ್ಟೇಜು ಸೋರುತ್ತದೆ, ದಾರಿಯ ಮನೆಗಳು ಎಳೆದುಕೊಂಡಷ್ಟೂ ಕೊನೆ ಕಂಬಕ್ಕೆ ಸಪ್ಪೆ ಕರೆಂಟು. ಸಂಜೆ ಊರಲ್ಲಿ ಟಿ.ವಿ., ಮಿಕ್ಸಿ ಹಾಕಿದ ಹೊತ್ತಿಗೆ ನಮ್ಮ ಬಲ್ಬಿನ ತಂತಿ ಕೆಂಪಗೆ ಕಾಣುತ್ತಿದ್ದದ್ದು ನಮಗೆ ನೆನಪಿದೆ. ಊರಿನ ಕೆರೆ ತುಂಬಿ ಕೋಡಿ ಬಿದ್ದರೆ ಮಾತ್ರ ನಮ್ಮ ಗದ್ದೆಗೆ ನೀರು ಅನ್ನೋ ಹಾಗೆ.

ಅಳೆಯುವ ಕೋಲೂ ಹಾಗೇ ಇದೆ. ಎಷ್ಟು ಸಲ ಕರೆಂಟು ಹೋಯಿತು, ಎಷ್ಟು ಹೊತ್ತು ಹೋಯಿತು ಅನ್ನುವುದನ್ನು ಸಾಮಾನ್ಯವಾಗಿ ಲೆಕ್ಕ ಹಾಕುವುದು 11 ಕೆ.ವಿ. ಫೀಡರಿನ ಮಟ್ಟದಲ್ಲಿ. ಫೀಡರ್ ನಿಂತಿದ್ದರೆ ಎಲ್ಲ ಸರಿ. ಅದರ ಕೆಳಗೆ ಕೇರಿಯ ಟಿ.ಸಿ. ಸುಟ್ಟು ಹೋಗಿ ವಾರವಾದರೂ, ಕೇರಿಗೆ ಬರುವ ತಂತಿ ಕಿತ್ತು ಬಂದರೂ ಕೊಠಡಿಯ ಪರದೆಯ ಮೇಲೆ ಫೀಡರ್ ಆರೋಗ್ಯವಾಗಿಯೇ ಇರುತ್ತದೆ. ಸುಟ್ಟ ಟ್ರಾನ್ಸ್‌ಫಾರ್ಮರನ್ನು ಎಷ್ಟು ಹೊತ್ತಿನಲ್ಲಿ ಬದಲಿಸಬೇಕು ಅಂತ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ 2004ರ ನಿಯಮಗಳಲ್ಲಿ ಬರೆಯಿತು. ಪಟ್ಟಣಕ್ಕೆ 24 ಗಂಟೆ, ಹಳ್ಳಿಗೆ 72 ಗಂಟೆ. ನಿಯಮದಲ್ಲೇ ಹಳ್ಳಿಯ ಕತ್ತಲು ಮೂರು ಪಟ್ಟು. ಆ 72 ಗಂಟೆಯನ್ನು ಗಡಿಯಾರ ಹಿಡಿದು ಎಣಿಸುವವರು ಯಾರು? ಟಿ.ಸಿ. ಸುಟ್ಟಿತು ಅಂತ ಕಚೇರಿಗೆ ಹೋಗಿ ಹೇಳುವ ತನಕ ಗಡಿಯಾರ ಶುರುವಾಗುವುದೇ ಇಲ್ಲ. ಕೂಲಿ ಬಿಟ್ಟು ಕಚೇರಿಗೆ ಹೋಗುವವರು ಯಾರು, ಹೋದರೆ ಒಳಗೆ ಕರೆಯುವವರು ಯಾರು ಅನ್ನುವುದು ಮುಂದಿನ ಮಾತು.

8

ಯಂತ್ರಕ್ಕೆ ಕಾಣದ ಇನ್ನೊಂದು ದೋಷವಿದೆ. ಹರಿದ ತಂತಿ ಒದ್ದೆ ನೆಲದ ಮೇಲೆ ಬಿದ್ದರೆ ಭಾರಿ ಕರೆಂಟು ಹರಿಯುತ್ತದೆ, ಬ್ರೇಕರ್ ಬೀಳುತ್ತದೆ. ಒಣ ನೆಲ, ಕಲ್ಲು, ಕಾಂಕ್ರೀಟು, ಬೇಲಿಯ ಮೇಲೆ ಬಿದ್ದರೆ ಹರಿಯುವುದು ಅಲ್ಪಸ್ವಲ್ಪ. ಬ್ರೇಕರನ್ನು ಕಾಯುವ ರಿಲೇಗೆ ಅದು ಎಷ್ಟೋ ಸಲ ಯಾರೋ ಮೋಟಾರು ಹಾಕಿದ ಹಾಗೆ ಕಾಣುತ್ತದೆ. ಸುಮ್ಮನಿರುತ್ತದೆ. ತಂತಿ ನೆಲದ ಮೇಲೆ ಜೀವಂತ ಮಲಗಿರುತ್ತದೆ. ಲೋಕದ ಎಲ್ಲ ಕಡೆಯ ಎಂಜಿನಿಯರುಗಳನ್ನೂ ಕಾಡಿರುವ ದೋಷ ಇದು, ಪೂರ್ತಿ ಪರಿಹಾರ ಸುಲಭವಿಲ್ಲ. ಹುಲ್ಲಿಗೆ ಹೋದವರು, ದನ ಮೇಯಿಸುವ ಹುಡುಗರು, ಬೆಳಗಿನ ಜಾವ ಬಯಲಿಗೆ ಹೋದ ಹೆಂಗಸರು ಅದನ್ನು ಮೊದಲು ಮುಟ್ಟುತ್ತಾರೆ. ಕೊಠಡಿಯ ಪರದೆಗಿಂತ ಮುಂಚೆ ಅವರ ಮೈಗೆ ಗೊತ್ತಾಗುತ್ತದೆ.

ಸ್ವಯಂಚಾಲನೆ ಬಂದ ಊರಿನಲ್ಲೂ ಹೀಗಾಗಿದೆ. 2023ರ ನವೆಂಬರ್ 19ರ ಬೆಳಗಿನ ಜಾವ ಬೆಂಗಳೂರಿನ ವೈಟ್‌ಫೀಲ್ಡ್ ಬಳಿ ಹೋಪ್ ಫಾರ್ಮ್ ಜಂಕ್ಷನ್ನಿನಲ್ಲಿ, ಕಾಲುಹಾದಿಯ ಮೇಲೆ ಬಿದ್ದಿದ್ದ ತಂತಿ ತುಳಿದು ಒಬ್ಬ ತಾಯಿ, ಅವಳ ತೋಳಿನಲ್ಲಿದ್ದ ಒಂಬತ್ತು ತಿಂಗಳ ಕೂಸು ಸತ್ತರು. ಸುತ್ತ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳಿದ್ದವು. ಇಡೀ ದೇಶದಲ್ಲಿ ವಿದ್ಯುತ್ ಸ್ಪರ್ಶದಿಂದ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಿದ್ದಾರೆ ಎಂದು ಈಚಿನ ವರ್ಷಗಳ ಸರ್ಕಾರಿ ಅಪರಾಧ ದಾಖಲೆಗಳೇ ಹೇಳುತ್ತವೆ. ಆ ಪಟ್ಟಿಯಲ್ಲಿ ಕಂಬ ಹತ್ತಿದವರೂ ಇದ್ದಾರೆ, ಕಂಬದ ಕೆಳಗೆ ನಡೆದವರೂ ಇದ್ದಾರೆ.

ಹಳ್ಳಿಗೂ ಒಂದು ಬಗೆಯ ನಿಯಂತ್ರಣ ಬಂದಿದೆ ಅನ್ನುವುದನ್ನು ಮರೆಯುವಂತಿಲ್ಲ. 2008ರಿಂದ ಸರ್ಕಾರ 10 ಅಶ್ವಶಕ್ತಿ ತನಕದ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ತು ಕೊಡುತ್ತಿದೆ. ಅದಾದ ಮೇಲೆ ನಿರಂತರ ಜ್ಯೋತಿ ಯೋಜನೆಯಲ್ಲಿ ಪಂಪ್‌ಸೆಟ್ಟಿನ ಫೀಡರನ್ನೂ ಮನೆಗಳ ಫೀಡರನ್ನೂ ಬೇರೆ ಮಾಡಿದರು. ಹೊಲದ ಕಡೆಗೆ ಕೆಲವು ಗಂಟೆ ಮೂರು ಫೇಸು, ಊರಿನ ಕಡೆಗೆ ದಿನವಿಡೀ ಬೆಳಕು. ಇದರಿಂದ ನಮ್ಮ ಮಕ್ಕಳ ಓದಿಗೆ ಉಪಕಾರವಾಗಿದೆ, ಸುಳ್ಳು ಹೇಳಬಾರದು. ಆದರೆ ಊರಿಂದ ದೂರ ಹೊಲದ ನಡುವೆ ಗುಡಿಸಲು ಹಾಕಿಕೊಂಡ ಜೀತದ ಮನೆಗಳು, ತೋಟದ ಆಳಿನ ಮನೆಗಳು ಯಾವ ಫೀಡರಿಗೆ ಸೇರಿದವು? ಪಂಪ್‌ಸೆಟ್ಟಿನ ಫೀಡರಿಗೆ. ಮೋಟಾರಿಗೆ ಕರೆಂಟು ಬಂದಾಗ ಅವರಿಗೂ ಬರುತ್ತದೆ, ಮೋಟಾರು ಮಲಗಿದಾಗ ಅವರೂ ಮಲಗಬೇಕು.

9

ಇಷ್ಟೆಲ್ಲ ಬರೆದದ್ದು ಎದೆ ಬಡಿದುಕೊಳ್ಳೋದಕ್ಕಲ್ಲ. ಈ ಯಂತ್ರ ನಮಗೆ ಬೇಕು. ನಮಗೇ ಮೊದಲು ಬೇಕು. ಯಾಕಂದ್ರೆ ಹೆಚ್ಚು ಕತ್ತಲು ನಮ್ಮಲ್ಲಿದೆ, ಕಂಬದ ಮೇಲೆ ಸಾಯುವ ಕೈ ನಮ್ಮದಿದೆ. ದೋಷ ತೋರಿಸುವ ಸೂಚಕ ಕೇರಿಯ ಕವಲಿಗೂ ಇರಲಿ. ಟಿ.ಸಿ. ಸತ್ತಾಗ ಕೊಠಡಿಗೆ ತಾನೇ ಸುದ್ದಿ ಹೇಳುವ ಮೀಟರು ಕೇರಿಯ ಟಿ.ಸಿ.ಗೆ ಮೊದಲು ಬರಲಿ. ಕೂಲಿ ಬಿಟ್ಟು ಕಚೇರಿ ಬಾಗಿಲು ಕಾಯುವುದು ತಪ್ಪಲಿ. ಮರದಂಥ ಲೈನಿಗೆ ಎರಡನೇ ದಾರಿ ಜೋಡಿಸುವ ಕೆಲಸ ಹಳ್ಳಿಗಾಡಲ್ಲೂ ಶುರುವಾಗಲಿ. ಕಂಬ ಹತ್ತುವ ಪ್ರತಿಯೊಬ್ಬನ ಹೆಸರೂ, ಅವನು ಗುತ್ತಿಗೆಯವನೇ ಆಗಿರಲಿ, ಎಲ್.ಸಿ. ಪುಸ್ತಕದಲ್ಲಿರಲಿ, ಬೀಗದ ಕೀಲಿ ಅವನ ಜೇಬಿನಲ್ಲಿರಲಿ. ದೂರದಿಂದ ಸ್ವಿಚ್ಚು ಹಾಕುವ ಕೊಠಡಿಗಳಲ್ಲಿ ಕೂರುವವರ ನಡುವೆ ಕಂಬ ಹತ್ತಿ ಗೊತ್ತಿರುವವರ ಮಕ್ಕಳೂ ಇರಲಿ.

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ನಮ್ಮದೊಂದು ಮಾತಿದೆ. ಈ ಬೇಸಿಗೆ ರಜೆಯಲ್ಲಿ ನಿಮ್ಮ ಊರಿನ ಟಿ.ಸಿ. ಎಲ್ಲಿದೆ ನೋಡಿ. ಅದರ ಮೇಲಿನ ತಗಡಿನಲ್ಲಿ 25 ಇದೆಯೋ, 63 ಇದೆಯೋ, 100 ಇದೆಯೋ ಓದಿಕೊಳ್ಳಿ. ಅದು ಎಷ್ಟು ಕೆವಿಎ ಹೊರಬಲ್ಲದು ಅನ್ನುವ ಲೆಕ್ಕ. ದೂರ ನಿಂತು ಓದಿ, ಮುಟ್ಟಬೇಡಿ. ಅಲ್ಲಿಂದ ಕೇರಿಯ ಕೊನೆ ಮನೆಗೆ ಎಷ್ಟು ಕಂಬ ಅಂತ ಎಣಿಸಿ. ಕರೆಂಟು ಹೋದ ಗಳಿಗೆ, ಬಂದ ಗಳಿಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಊರಿನ ಕಡೆ ಒಬ್ಬರು, ಕೇರಿಯ ಕಡೆ ಒಬ್ಬರು. ಮೂರು ತಿಂಗಳಾದ ಮೇಲೆ ಎರಡು ನೋಟ್‌ಬುಕ್ಕನ್ನೂ ಪಕ್ಕದಲ್ಲಿಟ್ಟು ನೋಡಿ. 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಅರ್ಜಿ ಹಾಕಿ ನಿಮ್ಮ ಫೀಡರಿನ ಲೆಕ್ಕವನ್ನೂ ತರಿಸಿ, ಮೂರನ್ನೂ ಹೋಲಿಸಿ. ಪರದೆಯ ಮೇಲೆ ಕಾಣದ ಕತ್ತಲು ನಿಮ್ಮ ನೋಟ್‌ಬುಕ್ಕಿನಲ್ಲಿ ಕಾಣುತ್ತದೆ.

ನಮ್ಮ ಕೇರಿಯಲ್ಲಿ ಈ ಕೆಲಸ ಶುರುವಾಗಿದೆ. ಬರೆಯೋದು ಆ ಅಣ್ಣ. ಎಡಗೈಲಿ ಬರೆಯೋದು ಈಗ ರೂಢಿಯಾಗಿದೆ. ಮೊದಲ ಪುಟದಲ್ಲಿ ಅವ್ವನನ್ನು ಕೇಳಿ ಕೇಳಿ, ಅಣ್ಣನ ಹುಟ್ಟಿದ ದಿನದಿಂದ ಹಿಂದಕ್ಕೆ ಎಣಿಸಿ, ನಮ್ಮ ಕೇರಿಗೆ ಕರೆಂಟು ಬಂದ ವರ್ಷ ಯಾವುದು ಅಂತ ಬರೆದಿದ್ದೇವೆ. 1902ರ ಪಕ್ಕದಲ್ಲಿ, 1905ರ ಪಕ್ಕದಲ್ಲಿ ಅದೂ ಇರಲಿ ಅಂತ.